ಐದನೆಯವನು ಯಾಕೆ ಸುಮ್ಮನೆ ಕೂತ?

ಈ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಆಫೀಸಿನಲ್ಲಿ ಒಂದು ರಿಲೀಸು, ಅದರ ಬಾಲ ಹಿಡ್ಕೊಂಡು ಇನ್ನೊಂದು ರಿಲೀಸು, ಹೀಗೆ ದಿನ ಹೋಗಿದ್ದೇ ಗೊತ್ತಾಗ್ಲಿಲ್ಲ. ಈ ಸಲ ಬರೆಯೋಕೆ ಕೂತಿದ್ದು ಮಾತ್ರ ಕೆಲಸದ ಬಗ್ಗೆ ಅಲ್ಲ, ಆಟದ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಪಕ್ಕದಲ್ಲಿಟ್ಕೊಂಡು ಓದಿ :)

ನಾವು ಆರು ಜನ ಗೆಳೆಯರು ಭಾನುವಾರ ಮಧ್ಯಾಹ್ನ ನಮ್ಮ ಬಾಡಿಗೆ ಮನೆಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಗೊತ್ತಿಲ್ಲದವರಿಗೆ ನಾಲ್ಕು ಸಾಲಿನ ಪರಿಚಯ. ಒಬ್ಬ ಕಥೆ ನಡೆಸ್ತಾನೆ, ಅವನಿಗೆ ಡಂಜನ್ ಮಾಸ್ಟರ್ ಅಂತ ಹೆಸರು. ಉಳಿದವರೆಲ್ಲ ಒಂದೊಂದು ಪಾತ್ರ. "ನಾನು ಬಾಗಿಲು ಮುರೀತೀನಿ", "ನಾನು ಕಾವಲುಗಾರನಿಗೆ ಸುಳ್ಳು ಹೇಳ್ತೀನಿ" ಅಂತ ಆಟಗಾರ ಹೇಳೋದು, ಆಗುತ್ತೋ ಇಲ್ಲವೋ ಅಂತ ಅನುಮಾನ ಇದ್ದಾಗ ಇಪ್ಪತ್ತು ಮುಖದ ದಾಳ ಉರುಳಿಸೋದು. ದಾಳದಲ್ಲಿ ಬಿದ್ದದ್ದಕ್ಕೆ ಪಾತ್ರದ ಕೌಶಲದ ಅಂಕೆ ಕೂಡಿಸಿ, ಗುರಿಸಂಖ್ಯೆ ಮುಟ್ಟಿದರೆ ಕೆಲಸ ಆಯ್ತು. ಇದಕ್ಕೆ ಸ್ಕಿಲ್ ಚೆಕ್ ಅಂತಾರೆ. ಬೋರ್ಡಿಲ್ಲ, ಗೆದ್ದವರು ಸೋತವರು ಅಂತ ಇಲ್ಲ. ಒಂದೇ ಕಥೆ ವರ್ಷಗಟ್ಟಲೆ ನಡೀಬಹುದು.

ನಮ್ಮಲ್ಲಿ ಡಂಜನ್ ಮಾಸ್ಟರ್ ನಾನೇ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ೨೦೦೮ರ ನಾಲ್ಕನೇ ಆವೃತ್ತಿಯ ಡಂಜನ್ ಮಾಸ್ಟರ್ಸ್ ಗೈಡ್ ಸಿಕ್ಕಿತ್ತು. ಅದರಲ್ಲಿ ಒಂದು ಸಂಧಾನದ ಪ್ರಸಂಗ ಇದೆ. ಊಟದ ಮೇಜಿನ ತುದಿಯಲ್ಲಿ ಕೂತ ಡ್ಯೂಕ್ ಒಬ್ಬನನ್ನು ಇಡೀ ಗುಂಪು ಸೇರಿ ಮಾತಿನಲ್ಲಿ ಒಲಿಸಬೇಕು. ಸರಿ, ಅದನ್ನೇ ಆಡಿಸಿದೆ. ನಾಲ್ಕು ಜನ ಪೈಪೋಟಿ ಮೇಲೆ ಮಾತಾಡಿದ್ರು. ಐದನೆಯವನು ನಮ್ಮ ಕೊಡಲಿ ವೀರ. ನಿಜ ಜೀವನದಲ್ಲೂ ಮಾತು ಕಮ್ಮಿ. ಅವನ ಸರದಿ ಬಂದಾಗ, "ನಾನು ಸುಮ್ನಿರ್ತೀನಿ ಮಾರಾಯ, ನಾನು ಬಾಯಿ ಬಿಟ್ರೆ ಕೆಡುತ್ತೆ" ಅಂದ. ಉಳಿದವರು, "ಹೌದು ಮಗಾ, ನೀನು ಸುಮ್ನಿರೋದೇ ಒಳ್ಳೇದು" ಅಂದ್ರು. ನಗ್ತಾನೇ ಅಂದಿದ್ದು, ತಪ್ಪು ತಿಳ್ಕೋಬೇಡಿ. ಅವನೂ ನಕ್ಕ. ಆಮೇಲೆ ಮುಕ್ಕಾಲು ಗಂಟೆ ಫೋನ್ ನೋಡ್ತಾ ಕೂತಿದ್ದ. ಮುಂದಿನ ಎರಡು ಭಾನುವಾರ ಬರಲಿಲ್ಲ.

ನನ್ನ ತಲೆ ಕೊರೆದದ್ದು ಅವನು ಬರದೇ ಇದ್ದದ್ದಷ್ಟೇ ಅಲ್ಲ. ಆ ರಾತ್ರಿ ಹತ್ತು ಸಾಲಿನ ಪೈಥಾನ್ ಬರೆದು ಲೆಕ್ಕ ಹಾಕಿ ನೋಡಿದೆ. ಅವನು ಹೇಳಿದ್ದು ಸರಿಯಾಗಿತ್ತು! ಪುಸ್ತಕದ ನಿಯಮದ ಪ್ರಕಾರ ಅವನು ಬಾಯಿ ಬಿಟ್ಟರೆ ನಿಜಕ್ಕೂ ಕೆಡುತ್ತಿತ್ತು. ಲೆಕ್ಕ ಆಮೇಲೆ ಹೇಳ್ತೀನಿ. ಎಲ್ಲರೂ ಸೇರಿ ಮಾತಾಡಲಿ ಅಂತಲೇ ಮಾಡಿದ ನಿಯಮ ಒಬ್ಬನ ಬಾಯಿ ಮುಚ್ಚಿಸೋದು ಹೇಗೆ ಅಂತ ಹುಡುಕ್ತಾ ಹೋದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕಾಯ್ತು.

ಶುರುವಾಗೋದು ಅಮೆರಿಕದ ಮಿನ್ನೆಸೋಟಾದಲ್ಲಿ, ೧೯೬೯ರಲ್ಲಿ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅನ್ನೋ ಅವಳಿ ನಗರಗಳಲ್ಲಿ ಸೀಸದ ಸೈನಿಕರನ್ನಿಟ್ಟು ಯುದ್ಧದಾಟ ಆಡುವ ಹುಡುಗರ ಗುಂಪು ಒಂದಿತ್ತು. ಅವರಲ್ಲಿ ಡೇವಿಡ್ ವೆಸ್ಲಿ ಎಂಬಾತ ಗ್ರಂಥಾಲಯದಲ್ಲಿ ಒಂದು ಹಳೇ ಪುಸ್ತಕ ಹುಡುಕಿದ್ದ. ಚಾರ್ಲ್ಸ್ ಟಾಟನ್ ಎಂಬ ಸೇನಾಧಿಕಾರಿ ೧೮೮೦ರಲ್ಲಿ ಬರೆದ ಸ್ಟ್ರಾಟೆಗೋಸ್. ಆಟಗಾರ ಏನು ಬೇಕಾದರೂ ಪ್ರಯತ್ನಿಸಬಹುದು, ಫಲ ಏನು ಅಂತ ತೀರ್ಪುಗಾರ ಹೇಳ್ತಾನೆ ಅನ್ನೋ ವಿಚಾರ ವೆಸ್ಲಿಗೆ ಅಲ್ಲಿಂದ ಹತ್ತಿತ್ತು. ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಅನ್ನೋ ಕಾಲ್ಪನಿಕ ಜರ್ಮನ್ ಊರಿನ ಸುತ್ತ ಒಂದು ಕದನ ಅಣಿ ಮಾಡಿದ. ಎರಡು ಸೈನ್ಯಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಜನ ಬಂದರು. ಉಳಿದವರಿಗೆ ಏನು ಕೊಡೋದು? ಒಬ್ಬನಿಗೆ ನೀನು ಊರಿನ ಮೇಯರ್ ಅಂದ, ಇನ್ನೊಬ್ಬನಿಗೆ ಬ್ಯಾಂಕಿನ ಯಜಮಾನ, ಮತ್ತೊಬ್ಬನಿಗೆ ವಿಶ್ವವಿದ್ಯಾಲಯದ ಕುಲಪತಿ. ಪ್ರತಿಯೊಬ್ಬನಿಗೂ ಅವನದೇ ಆಸೆ, ಅವನದೇ ಗುಟ್ಟು.

ಆಮೇಲೆ ಸೈನ್ಯ ಮೂಲೆಗೆ ಹೋಯ್ತು. ಜನ ಕೋಣೆಯ ಮೂಲೆ ಮೂಲೆಗಳಲ್ಲಿ ಗುಸುಗುಸು ಶುರು ಮಾಡಿದರು. ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು, ವೆಸ್ಲಿ ಅಲ್ಲೇ ನಿಂತ ಕಾಲಲ್ಲಿ ಅದಕ್ಕೊಂದು ನಿಯಮ ಹೊಸೆಯಬೇಕಾಯ್ತು. ಆಟ ಕೈತಪ್ಪಿ ಹೋಯ್ತು, ನಾನು ಸೋತೆ ಅಂತ ಅವನು ಅಂದುಕೊಂಡ. ಆಡಿದವರು ಇನ್ನೊಂದು ಯಾವಾಗ ಅಂತ ಬೆನ್ನು ಹತ್ತಿದರು.

ಆ ಸರಣಿಯ ಮುಂದಿನ ಆಟವೊಂದು ಲ್ಯಾಟಿನ್ ಅಮೆರಿಕದ ಒಂದು ಪುಟ್ಟ ಗಣರಾಜ್ಯದಲ್ಲಿ. ಅದರಲ್ಲಿ ಡೇವ್ ಆರ್ನೆಸನ್ ಅನ್ನೋ ಹುಡುಗ ಕ್ರಾಂತಿಕಾರಿ ವಿದ್ಯಾರ್ಥಿ. ಮನೆಯಿಂದಲೇ ಸುಳ್ಳು ಸಿಐಎ ಗುರುತಿನ ಚೀಟಿ ಮಾಡಿಕೊಂಡು ಬಂದಿದ್ದ. ತಾನು ನಿಜವಾಗಿ ಗೂಢಚಾರ ಅಂತ ಒಬ್ಬೊಬ್ಬರನ್ನೂ ನಂಬಿಸಿ, ಕೊನೆಗೆ ದೇಶದ ಖಜಾನೆ ಸಮೇತ ಹೆಲಿಕಾಪ್ಟರ್ ಹತ್ತಿ ಹೋದ ಅಂತ ಕಥೆ. ನಾಲಿಗೆ ಒಂದರಿಂದಲೇ ಗೆದ್ದ ಆಟ. ಈ ಆರ್ನೆಸನ್ ಮುಂದೆ ಬ್ಲಾಕ್‌ಮೂರ್ ಎಂಬ ತನ್ನದೇ ಲೋಕ ಕಟ್ಟಿದ, ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ ೧೯೭೪ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದ. ಮರದ ಬಣ್ಣದ ಡಬ್ಬಿ, ಒಳಗೆ ಮೂರು ಪುಟ್ಟ ಪುಸ್ತಕ, ಮೊದಲ ಮುದ್ರಣ ಸಾವಿರ ಪ್ರತಿ.

ಮಾತಿನಿಂದ ಹುಟ್ಟಿದ ಆಟ ಅಲ್ವಾ, ಆ ಮೂರು ಪುಸ್ತಕದಲ್ಲಿ ಮಾತಿಗೆ ಎಷ್ಟು ನಿಯಮ ಇದ್ದಿರಬಹುದು ಅಂತ ಆಸೆಯಿಂದ ನೋಡಿದೆ. ಬಹಳ ಕಮ್ಮಿ. ಪಾತ್ರದ ಆರು ಗುಣಗಳಲ್ಲಿ ಕರಿಸ್ಮ ಒಂದು, ಅಂದರೆ ವರ್ಚಸ್ಸು. ಅದರ ಮುಖ್ಯ ಕೆಲಸ ಎಷ್ಟು ಬಂಟರನ್ನು ಇಟ್ಟುಕೊಳ್ಳಬಹುದು ಅಂತ ಹೇಳೋದು. ಮೂರೋ ನಾಲ್ಕೋ ಇದ್ದವನಿಗೆ ಒಬ್ಬ ಬಂಟ, ಹದಿನೆಂಟು ಇದ್ದವನಿಗೆ ಹನ್ನೆರಡು. ಜೊತೆಗೆ ಒಂದು ಪುಟ್ಟ ಕೋಷ್ಟಕ. ಎದುರಿಗೆ ಬಂದವರ ಮುಂದೆ ಏನಾದರೂ ಪ್ರಸ್ತಾಪ ಇಟ್ಟಾಗ ಆರು ಮುಖದ ಎರಡು ದಾಳ ಹಾಕಬೇಕು. ಎರಡು ಬಿದ್ದರೆ ಮೇಲೆ ಬೀಳ್ತಾರೆ, ಹನ್ನೆರಡು ಬಿದ್ದರೆ ಉತ್ಸಾಹದಿಂದ ಒಪ್ತಾರೆ, ಆರರಿಂದ ಎಂಟಾದರೆ ಡೋಲಾಯಮಾನ. ಅಷ್ಟೇ. ದಾಳ ಮನಸ್ಥಿತಿ ಹೇಳುತ್ತೆ, ಆಮೇಲಿನ ಮಾತು ಆಟಗಾರನ ಬಾಯಿಗೆ ಬಿಟ್ಟದ್ದು. ನನಗಂತೂ ಈ ಕೋಷ್ಟಕ ಬಹಳ ಇಷ್ಟ. ಗುಹೆಯೊಳಗಿನ ರಾಕ್ಷಸನೂ ಒಮ್ಮೊಮ್ಮೆ ಒಳ್ಳೆ ಮೂಡಿನಲ್ಲಿ ಇರಬಹುದು ಅಂತ ಒಪ್ಪಿಕೊಳ್ಳೋ ಆಟ ಅದು.

ಆದರೆ ಆ ಬಾಯಿ ಯಾರದು? ಆ ಪುಸ್ತಕದ ಪ್ರಕಾರ ಒಂದು ಕಥಾಸರಣಿಗೆ ೪ರಿಂದ ೫೦ ಆಟಗಾರರು ಇರಬಹುದಿತ್ತು. ಐವತ್ತು ಜನ ಒಟ್ಟಿಗೆ ಮಾತಾಡಿದರೆ ಸಂತೆ. ಅದಕ್ಕೇ ಕಾಲರ್ ಅಂತ ಒಬ್ಬ. ಮೂರನೇ ಪುಸ್ತಕದಲ್ಲಿ ಆಟ ಹೇಗೆ ನಡೆಯುತ್ತೆ ಅಂತ ತೋರಿಸೋ ಮಾದರಿ ಸಂಭಾಷಣೆ ಇದೆ. ಅದರಲ್ಲಿ ಇರೋದು ಎರಡೇ ದನಿ, ತೀರ್ಪುಗಾರ ಮತ್ತು ಕಾಲರ್. ಇಡೀ ಗುಂಪು ಏನು ಮಾಡುತ್ತೆ ಅಂತ ಅವನೊಬ್ಬನೇ ಹೇಳೋದು. ೧೯೮೧ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಬೇಸಿಕ್ ಪುಸ್ತಕದಲ್ಲೂ ಕಾಲರ್ ಇದ್ದಾನೆ. ಅಂದರೆ ಒಬ್ಬ ಮಾತಾಡೋದು, ಉಳಿದವರು ಅವನ ಕಿವಿಯಲ್ಲಿ ಊದೋದು. ಇದು ನಾವು ಕೆಡಿಸಿದ ಪದ್ಧತಿ ಅಲ್ಲ, ಹುಟ್ಟಿನಿಂದ ಬಂದದ್ದು.

ಇಲ್ಲಿ ಒಂದು ಅಡ್ಡಮಾತು. ನಮ್ಮೂರ ಕಡೆಯವರಿಗೆ ಇದನ್ನೆಲ್ಲ ಹೇಳಿದರೆ, "ಓ, ತಾಳಮದ್ದಲೆ!" ಅಂತಾರೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಕೃಷ್ಣ ಮತ್ತು ಕೌರವ ಅಲ್ಲೇ ಹುಟ್ಟಿಸಿಕೊಂಡ ಮಾತಿನಲ್ಲಿ ವಾದಕ್ಕೆ ನಿಲ್ಲೋದು. ಹೋಲಿಕೆ ಇದೆ, ಒಪ್ತೀನಿ. ಆದರೆ ಅಲ್ಲಿ ಅರ್ಥಧಾರಿ ಎಷ್ಟು ಚೆನ್ನಾಗಿ ಮಾತಾಡಿದರೂ ಸಂಧಾನ ಮುರಿದೇ ಮುರಿಯುತ್ತೆ, ಪ್ರಸಂಗ ಮೊದಲೇ ಬರೆದಿದೆ. ಮತ್ತೆ, ಮಾತು ಬಾರದವನನ್ನು ಅಲ್ಲಿ ಯಾರೂ ಕೃಷ್ಣನ ಜಾಗದಲ್ಲಿ ಕೂರಿಸಲ್ಲ. ಈ ಆಟದ ಆಸೆಯೇ ಬೇರೆ. ಕೈಲಾಗದ ಹುಡುಗ ಇಲ್ಲಿ ಭೀಮ ಆಗಬಹುದು, ದಾಳ ಅವನ ಪರವಾಗಿ ಗದೆ ಬೀಸುತ್ತೆ. ಹಾಗಿದ್ದ ಮೇಲೆ ಮಾತು ಬಾರದ ಹುಡುಗ ಕೃಷ್ಣ ಆಗಬಾರದೇ?

ಈ ಪ್ರಶ್ನೆಗೆ ಮೊದಲ ಉತ್ತರ ಕೌಶಲದ ಪಟ್ಟಿಗಳಿಂದ ಬಂತು. ೧೯೭೭ರಲ್ಲಿ ಮಾರ್ಕ್ ಮಿಲ್ಲರ್‌ನ ಟ್ರಾವೆಲರ್ ಎಂಬ ಬಾಹ್ಯಾಕಾಶದ ಆಟ ಬಂತು. ಅದರಲ್ಲಿ ಲಂಚ ಕೊಡೋದು ಒಂದು ಕೌಶಲ, ಕಚೇರಿಯ ಕಾಗದಪತ್ರ ನಿಭಾಯಿಸೋದು ಇನ್ನೊಂದು (ಇವೆರಡನ್ನೂ ಬೇರೆ ಬೇರೆ ಎಣಿಸಿದ್ದಕ್ಕೆ ಲೇಖಕನಿಗೆ ನಮಸ್ಕಾರ). ೧೯೮೧ರ ಕಾಲ್ ಆಫ್ ಕ್ಥುಲ್ಹುವಿನಲ್ಲಿ ಬಾಯಿಮಾತಲ್ಲಿ ಯಾಮಾರಿಸೋದಕ್ಕೆ ಶೇಕಡಾ ಇಷ್ಟು ಅಂತ ಅಂಕೆ ಸಿಕ್ಕಿತು. ೧೯೮೩ರ ಜೇಮ್ಸ್ ಬಾಂಡ್ ಆಟದಲ್ಲಂತೂ ಹೆಣ್ಣನ್ನು ಒಲಿಸಿಕೊಳ್ಳೋದಕ್ಕೆ ಐದು ಹಂತ, ಮೊದಲ ನೋಟದಿಂದ ಶುರು! ನಗಬೇಡಿ, ಅದು ಮುಖ್ಯ. ಮಾತು ಅನ್ನೋದು ಒಂದೇ ಎಸೆತದಲ್ಲಿ ಮುಗಿಯೋದಲ್ಲ, ಹೊಡೆದಾಟದ ಹಾಗೆ ಹಂತ ಹಂತವಾಗಿ ನಡೆಯುತ್ತೆ ಅಂತ ನಿಯಮದಲ್ಲಿ ಬರೆದ ಮೊದಮೊದಲ ಆಟಗಳಲ್ಲಿ ಅದೂ ಒಂದು.

೨೦೦೦ರಲ್ಲಿ ಡಿ ಅಂಡ್ ಡಿ ಮೂರನೇ ಆವೃತ್ತಿ ಬಂದಾಗ ಡಿಪ್ಲೊಮಸಿ, ಬ್ಲಫ್, ಬೆದರಿಸುವುದು ಇವೆಲ್ಲ ಪಟ್ಟಿಗೆ ಸೇರಿದವು. ಡಿಪ್ಲೊಮಸಿಗೆ ಒಂದು ಪ್ರಸಿದ್ಧ ಕೋಷ್ಟಕ. ನಿಮ್ಮನ್ನು ಕೊಲ್ಲಬೇಕು ಅಂತಿರೋ ಶತ್ರುವನ್ನು ತಟಸ್ಥನಾಗಿಸೋಕೆ ೨೫, ಸ್ನೇಹಿತನಾಗಿಸೋಕೆ ೩೫, ಎಲ್ಲ ಬಿಟ್ಟು ನಿಮಗೇ ಸಹಾಯಕ್ಕೆ ನಿಲ್ಲೋ ಹಾಗೆ ಮಾಡೋಕೆ ೫೦. ಎದುರಿಗಿರೋನು ಹಳ್ಳಿಯ ಕಳ್ಳನೋ ಸಾವಿರ ವರ್ಷದ ಡ್ರ್ಯಾಗನ್ನೋ, ಗುರಿಸಂಖ್ಯೆ ಅದೇ! ಕೌಶಲದ ಅಂಕೆ ಕೂಡಿಸ್ತಾ ಹೋಗೋದು ಗೊತ್ತಿದ್ದ ಆಟಗಾರ ಸ್ವಲ್ಪ ಬೆಳೆದ ಮೇಲೆ ಬಾಯಿ ತೆಗೆದರೆ ಸಾಕು, ಎದುರಿದ್ದವರೆಲ್ಲ ಶರಣು. ಇಂಥ ಪಾತ್ರಕ್ಕೆ ಡಿಪ್ಲೊಮ್ಯಾನ್ಸರ್ ಅಂತ ಅಡ್ಡಹೆಸರೇ ಬಿತ್ತು, ಮಾತಿನಲ್ಲೇ ಮಾಟ ಮಾಡೋನು ಅಂತ. ದಿ ಆರ್ಡರ್ ಆಫ್ ದಿ ಸ್ಟಿಕ್ ಅನ್ನೋ ಕಾಮಿಕ್ ಬರೆಯೋ ರಿಚ್ ಬರ್ಲ್ಯೂ ಇದಕ್ಕೆ ತನ್ನದೇ ಬದಲಿ ನಿಯಮ ಬರೆದ. ಎದುರಿನವ ಎಷ್ಟು ಬಲಶಾಲಿ, ನಿಮಗೂ ಅವನಿಗೂ ಸಂಬಂಧ ಎಂಥದ್ದು, ನೀವು ಮುಂದಿಡ್ತಿರೋ ಒಪ್ಪಂದದಲ್ಲಿ ಅವನಿಗೇನು ಲಾಭ, ಇಷ್ಟನ್ನೂ ಲೆಕ್ಕಕ್ಕೆ ತಗೊಂಡ. ಅಷ್ಟಾದರೂ ಗುಂಪಿನ ಪ್ರಶ್ನೆ ಹಾಗೇ ಉಳೀತು. ಚೆನ್ನಾಗಿ ಮಾತಾಡೋ ಪಾತ್ರ ಒಂದು ಮುಂದೆ ಹೋಗೋದು, ಉಳಿದವರು ಹತ್ತರ ಗುರಿ ಮುಟ್ಟಿ ಅವನಿಗೆ ಎರಡೆರಡು ಅಂಕ ಸೇರಿಸೋದು. ಕಾಲರ್ ಹೋಗಿ ಗುಂಪಿನ ಫೇಸ್ ಬಂದ, ಅಷ್ಟೇ ವ್ಯತ್ಯಾಸ.

೨೦೦೪ರ ಅನ್‌ಅರ್ಥ್ಡ್ ಅರ್ಕೇನ ಎಂಬ ಪುಸ್ತಕದಲ್ಲಿ, ಇಷ್ಟವಿದ್ದರೆ ಬಳಸಿ ಅಂತ ಕೊಟ್ಟ ನಿಯಮಗಳ ನಡುವೆ ಒಂದು ಸಣ್ಣ ವಿಚಾರ ಇತ್ತು. ದೊಡ್ಡ ಕೆಲಸಕ್ಕೆ ಒಂದೇ ಎಸೆತ ಬೇಡ, ಮೂರು ಸಲ ಸೋಲುವುದರೊಳಗೆ ಇಷ್ಟು ಸಲ ಗೆಲ್ಲಿ ಅಂತ. ನಾಲ್ಕು ವರ್ಷದ ನಂತರ ಅದೇ ಆಕಾರದ ವಿಚಾರ ನಾಲ್ಕನೇ ಆವೃತ್ತಿಯ ಮುಖ್ಯ ನಿಯಮವಾಗಿ ಬಂತು. ಹೆಸರು ಸ್ಕಿಲ್ ಚಾಲೆಂಜ್. ೨೦೦೮ರ ಜೂನ್.

ಉದ್ದೇಶ ಒಳ್ಳೇದೇ. ಸಂಧಾನವೂ ಯುದ್ಧದಷ್ಟೇ ದೊಡ್ಡ ಪ್ರಸಂಗ ಆಗಲಿ, ಎಲ್ಲರೂ ಭಾಗವಹಿಸಲಿ. ಮೊದಲ ಪುಸ್ತಕದ ಪ್ರಕಾರ ಯುದ್ಧದಲ್ಲಿ ಹಾಕೋ ಹಾಗೆ ಸರದಿ ಹಾಕಬೇಕು, ಪ್ರತಿಯೊಬ್ಬನೂ ತನ್ನ ಸರದಿಯಲ್ಲಿ ಏನಾದರೂ ಮಾಡಬೇಕು. ಐದು ದರ್ಜೆಯ ಕಷ್ಟ. ಅತಿ ಸಣ್ಣದಕ್ಕೆ ಎರಡು ಸೋಲಿನೊಳಗೆ ನಾಲ್ಕು ಗೆಲುವು, ಅತಿ ದೊಡ್ಡದಕ್ಕೆ ಆರು ಸೋಲಿನೊಳಗೆ ಹನ್ನೆರಡು ಗೆಲುವು. ನಮ್ಮ ಡ್ಯೂಕಿನದು ಮೂರನೇ ದರ್ಜೆ, ನಾಲ್ಕು ಸೋಲಿನೊಳಗೆ ಎಂಟು ಗೆಲುವು. ಆ ಪ್ರಸಂಗವನ್ನು ಚೆನ್ನಾಗಿಯೇ ಹೆಣೆದಿದ್ದಾರೆ. ಡ್ಯೂಕನನ್ನು ಬೆದರಿಸಿದರೆ ದಾಳ ಏನೇ ಬಿದ್ದರೂ ಅದು ಸೋಲು. ಯಾರಾದರೂ ನಯವಾಗಿ ಮಾತಾಡಿ ಒಮ್ಮೆ ಗೆದ್ದ ಮೇಲೆ ಮಾತ್ರ, ಇತಿಹಾಸ ಬಲ್ಲವನು ಡ್ಯೂಕನ ಹಿಂದಿನ ಯಾವುದೋ ಘಟನೆ ನೆನಪಿಸಿ ಒಂದು ಗೆಲುವು ಗಿಟ್ಟಿಸಬಹುದು, ಅದೂ ಒಂದೇ ಸಲ. ದೊಡ್ಡವರ ಮನೆಗೆ ಕೆಲಸ ಕೇಳೋಕೆ ಹೋದವರಿಗೆಲ್ಲ ಗೊತ್ತಿರೋ ರೀತಿ ಇದು.

ಎಡವಟ್ಟು ಇದ್ದದ್ದು ಗಣಿತದಲ್ಲಿ. ಪುಸ್ತಕ ಬಂದ ಕೆಲವೇ ದಿನಗಳಲ್ಲಿ ಆಟಗಾರರು ಲೆಕ್ಕ ಹಾಕಿ ತೋರಿಸಿದ್ದನ್ನು ನಾನೂ ಮತ್ತೆ ಹಾಕಿ ನೋಡಿದೆ. ಪ್ರತಿ ಎಸೆತದಲ್ಲೂ ಗೆಲ್ಲೋ ಸಾಧ್ಯತೆ ಅರ್ಧಕ್ಕರ್ಧ ಅಂತಿಟ್ಟುಕೊಳ್ಳಿ. ಅತಿ ಸಣ್ಣ ಪ್ರಸಂಗ ಗೆಲ್ಲೋ ಸಾಧ್ಯತೆ ಶೇಕಡಾ ೧೯, ಅತಿ ದೊಡ್ಡದು ಶೇಕಡಾ ೭. ಇನ್ನು ಎಸೆತಕ್ಕೆ ಮುಕ್ಕಾಲು ಪಾಲು ಸಾಧ್ಯತೆ ಇದೆ ಅನ್ನಿ. ಆಗ ಸಣ್ಣದಕ್ಕೆ ೬೩, ದೊಡ್ಡದಕ್ಕೆ ೭೭! ಅಂದರೆ ಬುದ್ಧಿವಂತರ ಗುಂಪಿಗೆ ಕಷ್ಟದ ದರ್ಜೆ ಏರಿದಷ್ಟೂ ಕೆಲಸ ಸುಲಭ. ಎಸೆತ ಜಾಸ್ತಿ ಆದಷ್ಟೂ ಫಲ ಸರಾಸರಿಯ ಕಡೆಗೆ ಜಗ್ಗುತ್ತೆ ಅನ್ನೋದನ್ನು ಎಂಜಿನಿಯರಿಂಗಿನ ಗಣಿತದ ಪೇಪರಿನಲ್ಲಿ ಬರೆದು ಪಾಸಾದವನು ನಾನು, ಆದರೂ ಇಲ್ಲಿ ನೋಡಿದಾಗ ಬೆರಗಾಯ್ತು.

ಪ್ರಕಾಶಕರು ಒಂದೇ ತಿಂಗಳಲ್ಲಿ, ೨೦೦೮ರ ಜುಲೈನಲ್ಲಿ, ತಿದ್ದುಪಡಿ ತಂದರು. ಎಲ್ಲ ದರ್ಜೆಗೂ ಸೋಲಿನ ಮಿತಿ ಮೂರೇ. ಗುರಿಸಂಖ್ಯೆಗಳನ್ನು ಇಳಿಸಿದರು. ಎಷ್ಟು ಇಳಿಸಿದರು ಅಂದ್ರೆ ಈಗ ತೀರಾ ಸುಲಭ ಅನ್ನೋ ದೂರು ಶುರುವಾಯ್ತು. ೨೦೧೦ರ ರೂಲ್ಸ್ ಕಾಂಪೆಂಡಿಯಂನಲ್ಲಿ ಮತ್ತೆ ಬೇರೆ ಸಂಖ್ಯೆ. ಪ್ರೊಡಕ್ಷನ್‌ನಲ್ಲಿ ಬಗ್ ಬಿಟ್ಟು ಹಾಟ್‌ಫಿಕ್ಸ್ ಮೇಲೆ ಹಾಟ್‌ಫಿಕ್ಸ್ ಹಾಕಿದ ಅನುಭವ ಇರೋ ನನಗೆ ಅವರ ಬಗ್ಗೆ ಕನಿಕರವೇ ಹುಟ್ಟಿತು.

ತಿದ್ದಿದ ಮೇಲೂ ಒಂದು ಹಾಗೇ ಉಳೀತು, ನನ್ನ ಗೆಳೆಯನಿಗೆ ಬಡಿದದ್ದು ಅದು. ಸೋಲುಗಳ ಖಾತೆ ಇಡೀ ಗುಂಪಿಗೆ ಒಂದೇ. ನಮ್ಮ ಮೇಜಿನ ಲೆಕ್ಕ ಇದು. ಗುರಿ ೧೨. ಮಾತು ಬಲ್ಲ ನಾಲ್ವರಿಗೆ ತಲಾ +೬, ಅಂದರೆ ಎಸೆತಕ್ಕೆ ಶೇಕಡಾ ೭೫. ಕೊಡಲಿ ವೀರನಿಗೆ -೧, ಅಂದರೆ ಶೇಕಡಾ ೪೦. ಮೂರು ಸೋಲಿನೊಳಗೆ ಎಂಟು ಗೆಲುವು ಬೇಕು, ಹೆಚ್ಚೆಂದರೆ ಹತ್ತು ಎಸೆತ. ನಾಲ್ವರೇ ಮಾತಾಡಿದರೆ ಡ್ಯೂಕ್ ಒಲಿಯುವ ಸಾಧ್ಯತೆ ಶೇಕಡಾ ೫೩. ಸರದಿ ಪ್ರಕಾರ ಹತ್ತರಲ್ಲಿ ಎರಡು ಎಸೆತ ಅವನದಾದರೆ ೩೨. ಅವನು ಎರಡೇ ಎರಡು ಸಲ ಬಾಯಿ ತೆಗೆಯೋದಕ್ಕೆ ಗುಂಪು ತೆರಬೇಕಾದ ಬೆಲೆ ಇಪ್ಪತ್ತೊಂದು! "ನೀನು ಸುಮ್ನಿರು ಮಗಾ" ಅಂದವರೇನೂ ಕೆಟ್ಟವರಲ್ಲ, ಮನಸ್ಸಿನಲ್ಲೇ ಲೆಕ್ಕ ಹಾಕಿದವರು.

ಇದನ್ನು ಸ್ಕ್ರೀನಿನ ಮೇಲೆ ನೋಡ್ತಾ ಕೂತಾಗ ನೆನಪಾದದ್ದು ನನ್ನ ಕ್ಯಾಂಪಸ್ ಇಂಟರ್‌ವ್ಯೂ. ಕಂಪನಿ ಯಾವುದು ಅನ್ನೋದು ಬೇಡ. ಗ್ರೂಪ್ ಡಿಸ್ಕಷನ್. ಗುಂಡು ಮೇಜಿನ ಸುತ್ತ ಹತ್ತು ಜನ, ಹದಿನೈದು ನಿಮಿಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದವನು ನಾನು. ಹೇಳೋಕೆ ವಿಷಯ ಇತ್ತು, ಅದನ್ನು ತಲೆಯೊಳಗೆ ಇಂಗ್ಲಿಷಿಗೆ ಹೊರಳಿಸಿ, ವ್ಯಾಕರಣ ಸರಿ ಮಾಡಿ, ಬಾಯಿ ತೆಗೆಯೋ ಹೊತ್ತಿಗೆ ಚರ್ಚೆ ಮೂರು ಮೈಲಿ ಮುಂದೆ ಹೋಗಿರ್ತಿತ್ತು. ಹದಿನೈದು ನಿಮಿಷದಲ್ಲಿ ನಾನು ಹೇಳಿದ್ದು ಒಂದೇ ವಾಕ್ಯ, ಅದನ್ನೂ ಪಕ್ಕದವನು ಅರ್ಧಕ್ಕೆ ಕಸ್ಕೊಂಡ. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅಲ್ಲಿ ಸುಮ್ಮನಿದ್ದದ್ದೇ ಸೋಲು. ನಾನು ಬರೆದುಕೊಂಡ ಡ್ಯೂಕನ ಆಸ್ಥಾನದಲ್ಲಿ ಸುಮ್ಮನಿರೋದೇ ಜಾಣತನ. ಎರಡು ಕಡೆಯೂ ಮಾತು ಬಲ್ಲವರು ಆ ನಾಲ್ಕು ಜನವೇ. ಇಷ್ಟಕ್ಕೂ ಎರಡನೇ ಮೇಜು ನನ್ನ ಮನೆಯದು, ಅಲ್ಲಿ ನಿಯಮ ಹೇಳೋನು ನಾನು. ಅದೇ ಚುಚ್ಚಿದ್ದು.

ಹಾಗಾದ್ರೆ ಅಂಕೆಗಳನ್ನೆಲ್ಲ ಬಿಟ್ಟು ಬರೀ ಮಾತಾಡಿ ಅನ್ನೋಣವೇ? ಅದನ್ನೂ ಹೇಳಿದವರಿದ್ದಾರೆ. ಅದೇ ೨೦೦೮ರಲ್ಲಿ ಮ್ಯಾಟ್ ಫಿಂಚ್ ಎಂಬಾತ ಹಳೇ ಶೈಲಿಯ ಆಟಕ್ಕೆ ಒಂದು ಪುಟ್ಟ ಕೈಪಿಡಿ ಬರೆದು ಹಂಚಿದ. ನಿಯಮಕ್ಕಿಂತ ತೀರ್ಪು ಮೇಲು, ಪಾತ್ರದ ಅಂಕೆಗಿಂತ ಆಟಗಾರನ ಜಾಣತನ ಮೇಲು ಅಂತ ಅದರ ವಾದ. ಬಲೆ, ಗುಹೆ, ಗುಪ್ತ ಬಾಗಿಲಿನ ವಿಷಯಕ್ಕೆ ನಾನು ನೂರಕ್ಕೆ ನೂರು ಒಪ್ತೀನಿ. ಮಾತಿನ ವಿಷಯಕ್ಕೆ ಒಪ್ಪಲಾರೆ. ದಾಳ ತೆಗೆದುಬಿಟ್ಟರೆ ಉಳಿಯೋದು ಮತ್ತೆ ಗ್ರೂಪ್ ಡಿಸ್ಕಷನ್ನೇ.

ಬೇರೆ ದಾರಿ ಹುಡುಕಿದವರೂ ಇದ್ದರು, ಹೆಚ್ಚಿನವರು ಸಣ್ಣ ಪ್ರಕಾಶಕರು. ಲ್ಯೂಕ್ ಕ್ರೇನ್ ೨೦೦೫ರಲ್ಲಿ ತನ್ನ ಬರ್ನಿಂಗ್ ವೀಲ್ ಆಟದ ಪರಿಷ್ಕೃತ ಆವೃತ್ತಿಯಲ್ಲಿ ಡ್ಯುಯೆಲ್ ಆಫ್ ವಿಟ್ಸ್ ಅಂತ ತಂದ. ವಾದಕ್ಕೆ ಇಳಿಯೋ ಮೊದಲು ಇಬ್ಬರೂ ನನಗೇನು ಬೇಕು ಅಂತ ಘೋಷಿಸಬೇಕು, ಮುಂದಿನ ಮೂರು ನಡೆಗಳನ್ನು ಗುಟ್ಟಾಗಿ ಬರೆದಿಟ್ಟುಕೊಂಡು ಒಟ್ಟಿಗೆ ಬಯಲು ಮಾಡಬೇಕು. ಅದರಲ್ಲಿ ನನಗೆ ಹಿಡಿಸಿದ್ದು ರಾಜಿ. ಗೆದ್ದವನ ವಾದಕ್ಕೂ ಏಟು ಬಿದ್ದಿದ್ದರೆ ಎಷ್ಟು ಬಿದ್ದಿದೆಯೋ ಅಷ್ಟು ಅವನು ಸೋತವನಿಗೆ ಬಿಟ್ಟುಕೊಡಲೇಬೇಕು. ನಿಜವಾದ ಸಂಧಾನ ಹಾಗೇ ಅಲ್ವಾ? ಯಾವ ಪಂಚಾಯ್ತಿಯಲ್ಲೂ ಒಬ್ಬನಿಗೆ ಪೂರ್ತಿ ಹದಿನಾರಾಣೆ ಸಿಕ್ಕಿದ್ದು ನಾನು ಕಂಡಿಲ್ಲ. ಆದರೆ ಹೆಸರೇ ಹೇಳೋ ಹಾಗೆ ಅದು ಇಬ್ಬರ ಕಾಳಗ. ಅದೇ ಕ್ರೇನ್ ೨೦೦೮ರಲ್ಲಿ, ಡೇವಿಡ್ ಪೀಟರ್ಸನ್‌ನ ಕಾಮಿಕ್ ಆಧರಿಸಿ ಮೌಸ್ ಗಾರ್ಡ್ ಮಾಡಿದ. ಕತ್ತಿ ಹಿಡಿದ ಇಲಿಗಳ ಕಥೆ. ಅಲ್ಲಿ ವಾದವೂ ತಂಡದ ಕೆಲಸ. ಮೂರು ನಡೆಗಳು ತಂಡದ ಸದಸ್ಯರ ನಡುವೆ ಹಂಚಿಹೋಗುತ್ತವೆ, ಒಬ್ಬನೇ ಎಲ್ಲವನ್ನೂ ನಡೆಸುವಂತಿಲ್ಲ. ಒಬ್ಬ ಮಾತಾಡುವಾಗ ಪಕ್ಕದವನು ತಾನು ಹೇಗೆ ನೆರವಾದೆ ಅಂತ ಹೇಳಿ ತನ್ನದೊಂದು ದಾಳ ಅವನ ಕೈಗೆ ಕೊಡಬಹುದು. ಸೋತ ನಡೆ ತಂಡದ ಬಲದಿಂದ ಸ್ವಲ್ಪ ಕಿತ್ತುಕೊಳ್ಳುತ್ತೆ. ಆದರೆ ಗೆದ್ದರೂ ಅಷ್ಟಿಷ್ಟು ಬಿಟ್ಟುಕೊಡೋದು ಇದ್ದೇ ಇರೋದರಿಂದ, ಒಬ್ಬನ ತಪ್ಪು ಅಂತ ಅಷ್ಟು ಎದ್ದು ಕಾಣಲ್ಲ.

ಡಿ ಅಂಡ್ ಡಿ ತನ್ನ ಉತ್ತರವನ್ನು ೨೦೧೪ರ ಐದನೇ ಆವೃತ್ತಿಯಲ್ಲಿ ಎರಡೇ ವಾಕ್ಯದಲ್ಲಿ ಬರೆದು ಮುಗಿಸಿತು. ಎಲ್ಲರೂ ದಾಳ ಹಾಕಿ, ಕನಿಷ್ಠ ಅರ್ಧ ಜನ ಗೆದ್ದರೆ ಗುಂಪು ಗೆದ್ದಂತೆ. ಗ್ರೂಪ್ ಚೆಕ್. ಸಪ್ಪಳ ಮಾಡದೆ ನುಸುಳೋದು, ಜೌಗು ದಾಟೋದು, ಇಂಥದ್ದಕ್ಕೆ ಜನ ಅದನ್ನು ಬಳಸೋದು ಜಾಸ್ತಿ. ಡ್ಯೂಕನ ಮುಂದೆ ಬಳಸಿದರೆ ಏನಾಗುತ್ತೆ ಅಂತ ಹಾಕಿ ನೋಡಿದೆ. ಐವರೂ ಶೇಕಡಾ ೭೫ರವರಾದರೆ ಗುಂಪು ಗೆಲ್ಲೋ ಸಾಧ್ಯತೆ ೯೦. ಅವರಲ್ಲೊಬ್ಬ ನಮ್ಮ ಶೇಕಡಾ ೪೦ರ ಕೊಡಲಿ ವೀರನಾದರೆ ೮೨. ಇಪ್ಪತ್ತೊಂದರ ಬೆಲೆ ಎಂಟಕ್ಕೆ ಇಳೀತು, ಅವನ ಸೋಲನ್ನು ಉಳಿದವರು ಮುಚ್ಚಿಕೊಳ್ಳಬಹುದು. ಆದರೆ ಒಂದೇ ಉರುಳಿಗೆ ಎಲ್ಲ ಮುಗಿದುಹೋಗುತ್ತೆ, ಸಂಧಾನದ ಏರಿಳಿತ ಇಲ್ಲ. ೨೦೨೪ರ ಪರಿಷ್ಕೃತ ಪುಸ್ತಕದಲ್ಲಿ ಮನವೊಲಿಸೋದನ್ನು ಇನ್‌ಫ್ಲುಯೆನ್ಸ್ ಅನ್ನೋ ಪ್ರತ್ಯೇಕ ಕ್ರಿಯೆ ಮಾಡಿದ್ದಾರೆ. ಗುರಿ ೧೫, ಅಥವಾ ಎದುರಿನವನ ಬುದ್ಧಿಯ ಅಂಕೆ, ಯಾವುದು ದೊಡ್ಡದೋ ಅದು. ಅದೂ ಒಬ್ಬ ಇನ್ನೊಬ್ಬನಿಗೆ ಮಾಡೋದೇ.

ನನಗೆ ಬೇಕಾದದ್ದು ಸಿಕ್ಕಿದ್ದು ಜಾನ್ ಹಾರ್ಪರ್‌ನ ಬ್ಲೇಡ್ಸ್ ಇನ್ ದ ಡಾರ್ಕ್‌ನಲ್ಲಿ, ೨೦೧೭ರದ್ದು. ಕಳ್ಳರ ಗ್ಯಾಂಗಿನ ಆಟ. ಗುಂಪಾಗಿ ಏನಾದರೂ ಮಾಡುವಾಗ ಒಬ್ಬ ಮುಂದಾಳು ಆಗ್ತಾನೆ. ಭಾಗವಹಿಸೋರೆಲ್ಲ ಆರು ಮುಖದ ದಾಳಗಳನ್ನು ಹಾಕ್ತಾರೆ, ಒಬ್ಬೊಬ್ಬನ ದಾಳಗಳಲ್ಲಿ ಅತಿ ಹೆಚ್ಚಿನದು ಅವನ ಫಲ. ಎಲ್ಲರ ಫಲಗಳಲ್ಲಿ ಯಾವುದು ಅತ್ಯುತ್ತಮವೋ ಅದೊಂದೇ ಇಡೀ ಗುಂಪಿಗೆ ಲಾಗೂ. ಉಳಿದದ್ದು ಲೆಕ್ಕಕ್ಕಿಲ್ಲ. ಹಾಗಾದರೆ ಸೋತವರ ಬೆಲೆ? ಮೂರಕ್ಕಿಂತ ಮೇಲೆ ಏರದ ಪ್ರತಿ ಫಲಕ್ಕೂ ಮುಂದಾಳು ಒಂದೊಂದು ಸ್ಟ್ರೆಸ್ ತನ್ನ ತಲೆ ಮೇಲೆ ಬರ್ಕೊಳ್ತಾನೆ. ಓದಿದ ಕೂಡಲೇ ಪುಸ್ತಕ ಮಡಚಿ ಎದ್ದು ಓಡಾಡಿದೆ. ಇಲ್ಲಿ ಐದನೆಯವನು ದಾಳ ಹಾಕಿದರೆ ಗುಂಪಿನ ಸಾಧ್ಯತೆ ಎಂದೂ ಇಳಿಯಲ್ಲ, ಏರಬಹುದು. ಅವನು ತಡವರಿಸಿದರೆ ಭಾರ ಬೀಳೋದು, "ಬಾರೋ, ನೀನೂ ಮಾತಾಡು" ಅಂತ ಕರೆದುಕೊಂಡು ಬಂದವನ ಮೇಲೆ. ವೆಸ್ಲಿಯ ಮೇಯರ್‌ನಿಂದ ಇಲ್ಲಿಗೆ ಬರೋಕೆ ಸುಮಾರು ಐವತ್ತು ವರ್ಷ ಹಿಡೀತು.

ಇದು ಡಿ ಅಂಡ್ ಡಿಗೆ ಸಲೀಸಾಗಿ ಕೂರಲ್ಲ, ಅಲ್ಲಿ ಸ್ಟ್ರೆಸ್ ಅನ್ನೋ ಖಾತೆಯೇ ಇಲ್ಲ. ನಾನು ಮಾಡಿಕೊಂಡಿರೋ ಕಲಬೆರಕೆ ಹೀಗಿದೆ: ಡ್ಯೂಕನ ಜೊತೆ ಮಾತು ಮೂರು ಸುತ್ತು. ಪ್ರತಿ ಸುತ್ತಿಗೂ ಬೇರೆ ಮುಂದಾಳು. ಅತ್ಯುತ್ತಮ ಎಸೆತ ಗುಂಪಿನದು. ಗುರಿ ತಪ್ಪಿದ ಪ್ರತಿಯೊಂದಕ್ಕೂ ಮುಂದಾಳು ಡ್ಯೂಕನಿಗೆ ಒಂದು ಸಣ್ಣ ಮಾತು ಕೊಡಬೇಕು, ಮುಂದೆ ಅದನ್ನು ತೀರಿಸಬೇಕು. ಗೆಲ್ಲೋದು ಸುಲಭ ಆಗುತ್ತೆ, ಗೊತ್ತು. ಆದರೆ ಗೆದ್ದು ಹೊರಗೆ ಬರುವಾಗ ಮೈಮೇಲೆ ಸಾಲ ಇರುತ್ತೆ. ಲೆಕ್ಕ ಇನ್ನೂ ಪೂರ್ತಿ ಹಾಕಿಲ್ಲ, ನಿಮ್ಮಲ್ಲಿ ಯಾರಾದರೂ ಈ ಆಟ ಆಡೋರಿದ್ದರೆ ತೂತು ಎಲ್ಲಿದೆ ಅಂತ ಹೇಳಿ.

ನಿನ್ನೆ ಸಂಜೆ ಕೊಡಲಿ ವೀರನಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿದ. ಒಂದು ಪ್ರಶ್ನೆ ಕೇಳಿದ: "ಮೊದಲನೇ ಸುತ್ತಿಗೆ ಮುಂದಾಳು ಯಾರು?" ನೀನೇ ಆಗು ಅಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಾಲ್ಕು ಗಂಟೆಗೆ ತಾನೆ? ಬರ್ತಾ ಬೋಂಡಾ ತರ್ತೀನಿ" ಅಂದು ಫೋನ್ ಇಟ್ಟ.